ಆಚಾರ್ರು ಇನ್ನೂ ಓಕೆ ಅಂದಿಲ್ಲ

ಇಂಥ ಫಜೀತಿಗಳು ನನ್ನ ಬಾಳೇದಾಗ ಯಾಕ ಇಷ್ಟು ಆಗತಾವು ಅಂತ ಒಮ್ಮೆ ಕುಂತು ವಿಚಾರ ಮಾಡಿದೆ. ಕಾರಣ ಒಂದ ಸಿಕ್ತು. ನನಗ ಫೋನ್ ಮಾಡಾವ್ರೆಲ್ಲ ಕಂಪ್ಯೂಟರಿನ್ಯಾಗ ಲಾಕ್ ಆದವ್ರು. ಲಾಕ್ ಆಗದವ್ರಿಗೆ ನನ್ನ ನೆನಪು ಬರಂಗಿಲ್ಲ. ದೀಪಾವಳಿ ದಿನ ಮುಂಜಾನಿ ಆರಕ್ಕ ಫೋನ್ ಹೊಡಕೊಂಡ್ರ ಯಾರೋ ಶುಭಾಶಯ ಹೇಳಾಕ ಮಾಡ್ಯಾರ ಅಂತ ಎಣ್ಣಿ ಕೈಲೇ ಎತ್ತತೀನಿ. "ಸಾರ್, ಲಾಕ್ ಆಗೈತ್ರಿ" ಅಂತಾರ. "ನಿಮಗೂ ಹಬ್ಬದ ಶುಭಾಶಯ" ಅಂತ ಹೇಳಿ ಲಾಕ್ ತೆಗೀತೀನಿ.

ನಮ್ಮದು ಗೋಡೌನ್ ಕಂಪನಿ. ಹೆಡ್ ಆಫೀಸು ಬಳ್ಳಾರಿ ಬ್ರೂಸ್‌ಪೇಟೆ ಗಲ್ಲಿಯೊಳಗ. ಕೆಳಗ ಹಗ್ಗದ ಅಂಗಡಿ, ಮ್ಯಾಲೆ ನಾವು. ಸಿರುಗುಪ್ಪದಾಗ ಭತ್ತದ ಗೋಡೌನು, ಕುರುಗೋಡದಾಗ ಮೆಣಸಿನಕಾಯಿ ಇಡೋ ಕೋಲ್ಡ್ ಸ್ಟೋರೇಜು. ಲಾರಿ ಗೇಟ್ ದಾಟಬೇಕಂದ್ರ ಗೇಟ್‌ಪಾಸ್ ಬೇಕು. ಗೇಟ್‌ಪಾಸ್ ಬೇಕಂದ್ರ ಕಂಪ್ಯೂಟರಿಗೆ ಟೋಕನ್ ನಂಬರ್ ಕೊಡಬೇಕು. ಟೋಕನ್ ಅಂದ್ರ ನಶ್ಯದ ಡಬ್ಬಿಯಷ್ಟು ಒಂದು ಸಾಮಾನು. ಗುಂಡಿ ಒತ್ತಿದ್ರ ಆರು ಅಂಕಿ ತೋರಸ್ತೈತಿ. ಮೂವತ್ತು ಸೆಕೆಂಡ್ ಅದರ ಆಯುಷ್ಯ. ಆಮ್ಯಾಗ ಆ ನಂಬರ್ ಸತ್ತಂಗ.

ಯಾರಿಗೆ ಟೋಕನ್ ಕೊಡಬೇಕು, ಯಾರಿಗೆ ಎಷ್ಟು ಪರ್ಮಿಷನ್ ಇರಬೇಕು ಅಂತ ನೋಡಾವ ಅಡ್ಮಿನ್. ಸಿಸ್ಟಮ್ಮಿನ ಪ್ರಕಾರ ಅಡ್ಮಿನ್ ಇಬ್ಬರು ಇರಬೇಕು. ಒಬ್ಬ ಕೇಳಬೇಕು, ಇನ್ನೊಬ್ಬ ತನ್ನ ಟೋಕನ್ ಒತ್ತಿ ಓಕೆ ಅನ್ನಬೇಕು. ಒಬ್ಬನ ಕೈಲೇ ಏನೂ ಆಗಂಗಿಲ್ಲ. ನನಗ ಈ ರೂಲ್ಸು ಹೊಸದಲ್ಲ. ನನ್ನ ಮದುವಿ ಆಗದ ಉಳದಿದ್ದೂ ಇನ್ನೊಬ್ಬರ ಓಕೆ ಬರದ ಇದ್ದದ್ದಕ್ಕ.

೧. ಮೊಳಿ ಹಲಗಿ

ಟೋಕನ್ ಬಂದ ಹೊಸದಾಗ ಮೂರೂ ಊರಿನ ಮಂದಿನ್ನ ಕೂಡಿಸಿ ಭಾಷಣ ಮಾಡಿದ್ದೆ. "ಇದು ನಿಮ್ಮ ಹಲ್ಲುಜ್ಜೋ ಬ್ರಷ್ ಇದ್ದಂಗ. ಒಬ್ಬರದು ಇನ್ನೊಬ್ಬರು ಮುಟ್ಟಬಾರದು." ಎಲ್ಲಾರೂ ತಲಿ ಆಡಿಸಿದ್ರು. ತಲಿ ಆಡಸೋದ್ರಾಗ ನಮ್ಮ ಮಂದಿಗೆ ಸರಿಸಾಟಿ ಇಲ್ಲ.

ತಿಂಗಳ ಮ್ಯಾಲೆ ಸಿರುಗುಪ್ಪಕ್ಕ ಹೋದೆ. ಗೇಟಿನ ಬಾಜೂ ವಾಚ್‌ಮನ್ ಖೋಲಿಯಾಗ ಒಂದು ಹಲಗಿ. ಹಲಗಿಗೆ ಐದು ಮೊಳಿ. ಐದು ಮೊಳಿಗೆ ಐದು ಟೋಕನ್. ಕೆಳಗ ಬಿಳೇ ಬಣ್ಣದಾಗ ಐದು ಹೆಸರು. ವಾಚ್‌ಮನ್ ಒಂದೊಂದ ಒತ್ತಿ, ಒಳಗ ಆಫೀಸಿಗೆ ಫೋನ್‌ನ್ಯಾಗ ತೆಲುಗಿನೊಳಗ ಅಂಕಿ ಹೇಳಾಕತ್ತಿದ್ದ. ಒಳಗಿನವ್ರು ಕನ್ನಡದಾಗ ಬರಕೊಳ್ಳಾಕತ್ತಿದ್ರು. ಕೆಲಸ ಭಾಳ ಸಲೀಸಾಗಿ ನಡದಿತ್ತು.

ಸೂಪರ್‌ವೈಜರ್ ಕೆಂಚನಗುಡ್ಡದಾವ್ರು, ಒಳ್ಳೇ ಮನಷ್ಯಾ. ಎದಿ ಉಬ್ಬಿಸ್ಕೊಂಡು ಬಂದ್ರು.

"ಸಾರೂ, ಒಂದರ ಕಳದೈತೇನು ನೋಡ್ರಿ! ಬ್ಯಾರೆ ಬ್ರಾಂಚಿನ್ಯಾಗ ಹಿಂಗ ಇಟ್ಟಾರೇನು?"

"ಏನ್ರೀ ಇದು? ಹಲ್ಲುಜ್ಜೋ ಬ್ರಷ್ ಇದ್ದಂಗ ಅಂತ ಹೇಳಿದ್ದಿಲ್ಲೇನು ನಾನು?"

"ಅದಕ್ಕ ಸಾರೂ. ನಮ್ಮ ಮನ್ಯಾಗ ಎಲ್ಲಾರ ಬ್ರಷ್ಷೂ ಒಂದ ಲೋಟದಾಗ ಇಡತೀವಿ."

ಬೈದು ಬಂದೆ. ಮುಂದಿನ ತಿಂಗಳು ಹೋದಾಗ ಹಲಗಿಗೆ ಗಾಜಿನ ಬಾಗಲಾ ಮಾಡಿಸಿದ್ರು, ಬಾಗಲಾಕ್ಕ ಬೀಗ ಹಾಕಿದ್ರು. ಬೀಗದ ಕೈ ಬಾಜೂ ಆರನೇ ಮೊಳಿಗೆ ಇತ್ತು. ಮ್ಯಾಲೆ ಒಂದು ಕಾಗದ ಅಂಟಿಸಿದ್ರು: "ಇವು ಗುಪ್ತವಾಗಿರತಕ್ಕದ್ದು. ಬೇಕಾದವರು ಹೇಳಿ ತೆಗೆದುಕೊಳ್ಳಬೇಕು."

೨. ನೋಡೋ ಅಡ್ಮಿನ್

ಕುರುಗೋಡಿನ ಕೋಲ್ಡ್ ಸ್ಟೋರೇಜಿನ್ಯಾಗ ಒಬ್ಬ ಮೇಡಂ ಅದಾರ. ಬಾದನಹಟ್ಟಿಯಿಂದ ದಿನಾ ಸ್ಕೂಟಿ ಮ್ಯಾಲೆ ಬರತಾರ. ಮೈನಸ್ ಚಳ್ಯಾಗ ಹೋಗಾವ್ರಂಗ ಬ್ಯಾಸಗ್ಯಾಗೂ ಸ್ವೆಟರ್ ಹಾಕ್ಕೊಂಡ ಬರತಾರ, ಯಾಕಂದ್ರ ಅವರ ಟೇಬಲ್ಲು ಮೆಣಸಿನಕಾಯಿ ಖೋಲಿ ಬಾಗಲಾಕ್ಕ ಹತ್ತೈತಿ. ಹದಿನೈದು ವರ್ಷದ ಸರ್ವಿಸು. ಅವರಿಗೆ ನಾನು "ಯೂಸರ್" ಅಂತ ಪರ್ಮಿಷನ್ ಕೊಟ್ಟಿದ್ದೆ. ಆವತ್ತ ಮಧ್ಯಾಹ್ನ ಫೋನ್ ಬಂತು.

"ಸಾರ್, ಮೊನ್ನಿ ಸೇರಿದ ತೂಕದವನೂ ಯೂಸರ್ರು, ನಾನೂ ಯೂಸರ್ರು?"

"ಅದು ಬರೇ ಹೆಸರಮ್ಮ. ಕೆಲಸ ಅಷ್ಟ ಇರತೈತಿ."

"ಬರೇ ಹೆಸರಾದ್ರ ದೊಡ್ಡ ಹೆಸರು ಕೊಡಾಕ ಏನು ತ್ರಾಸು?"

ಮಾತಿನ್ಯಾಗ ತಪ್ಪಿರಲಿಲ್ಲ. ಸಿಸ್ಟಮ್ಮಿನ್ಯಾಗ ಹುಡುಕಿದೆ. "ರೀಡ್ ಓನ್ಲಿ ಅಡ್ಮಿನಿಸ್ಟ್ರೇಟರ್" ಅಂತ ಒಂದು ಇತ್ತು. ಎಲ್ಲಾ ಕಾಣತೈತಿ, ಏನೂ ಮಾಡಾಕ ಬರಂಗಿಲ್ಲ. ಅದನ್ನ ಕೊಟ್ಟೆ. ಮೇಡಂ ಖುಷಿಯಾದ್ರು. ಮರುವಾರ ಏಳು ಮಂದಿ ಅದ ಪೋಸ್ಟು ಬೇಕಂತ ಅರ್ಜಿ ಹಾಕಿದ್ರು. ಎಂಟನೇ ಅರ್ಜಿ ನಮ್ಮ ಸಾವ್ಕಾರ್ರ ತಂದೀದು. ಅವರು ಕಂಪನಿ ಕಟ್ಟಿದಾವ್ರು, ಈಗ ಮಗನ ಕೈಗೆ ಬಿಟ್ಟು ಬಾಗಲದಾಗ ಕುರ್ಚಿ ಹಾಕ್ಕೊಂಡು ಕೂಡತಾರ.

"ಯಪ್ಪಾ, ನಿಮಗ್ಯಾಕ್ರಿ ಇದು?" ಅಂದೆ.

"ಕೆಲಸ ಅದನ್ನ ಮಾಡಾಕತ್ತೀನಲ್ಲೋ ತಮ್ಮಾ. ಸರ್ಟಿಫಿಕೇಟ್ ಒಂದು ಇರ್ಲಿ ಅಂತ."

೩. ನಾಲ್ಕು ಅಡಿ

ಎರಡನೇ ಅಡ್ಮಿನ್ ನಮ್ಮ ಆಚಾರ್ರು. ನನ್ನ ಎದುರಿಗೆ, ಟೇಬಲ್ಲಿಗೆ ಟೇಬಲ್ ಹಚ್ಚಿ, ಹತ್ತೊಂಬತ್ತು ವರ್ಷ ಕುಂತಾವ್ರು. ನಡುವ ನಾಲ್ಕು ಅಡಿ ಇತ್ತು. ಹಣಿ ಮ್ಯಾಲೆ ಅಂಗಾರದ ಕರೀ ಗೀಟು, ಕಿಸೆದಾಗ ಎರಡು ಪೆನ್ನು. ಒಂದು ಬರಿಯಾಕ, ಇನ್ನೊಂದು ಕೇಳಿದವ್ರಿಗೆ ಕೊಡಾಕ. ಎರಡನೇದ್ರಾಗ ಇಂಕ್ ಇರತಿದ್ದಿಲ್ಲ. ವಾಪಸ್ ಬರ್ಲಿ ಅಂತ.

ನನ್ನ ರಿಕ್ವೆಸ್ಟಿಗೆ ಅವರು ಓಕೆ ಅನ್ನಾಕ ಮೂರು ದಿನ ತಗೊಂತಿದ್ರು.

"ಆಚಾರ್ರ, ಸಿರುಗುಪ್ಪದ್ದು ಕಳಿಸೀನಿ, ಒತ್ತರಿ."

"ನೀವು ಯಾರು?"

"ಆಚಾರ್ರ!"

"ಬಾಯಿ ಮಾತು ಕೇಳಬಾರದು ಅಂತ ನೀವ ಭಾಷಣ ಮಾಡೀರಿ. ಸಿಸ್ಟಮ್ಮಿನ್ಯಾಗ ಬರ್ಲಿ. ಬಂದ ಮ್ಯಾಲೆ ನೀವ ಕಳಿಸೀರೇನು ಅಂತ ಚೆಕ್ ಮಾಡಬೇಕು." ಅಷ್ಟ ಹೇಳಿ ಇಂಟರ್‌ಕಾಮ್ ಎತ್ತತಿದ್ರು. ನನ್ನ ಟೇಬಲ್ಲಿನ ಫೋನ್ ಹೊಡಕೊಂತಿತ್ತು. ನಾಲ್ಕು ಅಡಿ ದೂರದಾಗ, ನನ್ನ ಮಾರಿ ನೋಡಿಕೋತ ಕೇಳತಿದ್ರು: "ಗುರುತಿಗೆ ಒಂದು ಪ್ರಶ್ನೆ. ಇವತ್ತು ಮುಂಜಾನಿ ಏನು ತಿಂದೀರಿ?"

"ಉಪ್ಪಿಟ್ಟು."

"ಸರಿ ಐತಿ. ಅಂಗಿ ಮ್ಯಾಲೆ ಕಾಣತೈತಿ."

ಆದ್ರೂ ಮೂರು ದಿನ. ಮೊದಲನೇ ದಿನ ರಾಹುಕಾಲ, ಎರಡನೇ ದಿನ ಮರತೆ, ಮೂರನೇ ದಿನ ಓಕೆ. ನಾನು ರೇಗತಿದ್ದೆ. ಈ ಜಗಳ ಇಲ್ಲದಿದ್ರ ಮನಿಗೆ ಹೋಗಿ ನಾನು ಯಾರ ಬಗ್ಗಿನೂ ವಿಚಾರ ಮಾಡಾದು ಇರತಿದ್ದಿಲ್ಲ.

ಹೋದ ವರ್ಷ ಒಂದು ಐತವಾರ ಆಚಾರ್ರು ಚಾ ಕುಡದು, ಲೋಟ ಕೆಳಗ ಇಟ್ಟು, ಗ್ವಾಡಿಗೆ ಒರಗಿದಾವ್ರು ಮತ್ತ ಏಳಲಿಲ್ಲ. ಸೋಮವಾರ ನಾನು ಅವರನ್ನ ಕಳಿಸಿ, ಮನಿಗೆ ಬಂದು, ತಲಿಮ್ಯಾಲೆ ನೀರು ಹಾಕ್ಕೊಂಡು ಕುಂತಿದ್ದೆ. ಸಿರುಗುಪ್ಪದ ಸೂಪರ್‌ವೈಜರ್ರಿಗೆ ಇನ್ನೂ ಸುದ್ದಿ ಮುಟ್ಟಿದ್ದಿಲ್ಲ. ಫೋನ್ ಮಾಡಿದ್ರು.

"ಸಾರೂ, ಆಚಾರ್ರು ಇನ್ನೂ ಓಕೆ ಅಂದಿಲ್ಲಲ್ರಿ. ಮೂರು ದಿನ ಆತು."

"ಈ ಸಲ ಸ್ವಲ್ಪ ತಡಾ ಆಗತೈತಿ" ಅಂದೆ.

೪. ಪತ್ರ ಹಾಕಸ್ರಿ

ಅಡ್ಮಿನ್ ಒಬ್ಬನ ಉಳದ್ರ ಕಂಪನಿಯೆಲ್ಲ ನಿಂತಂಗ. ಆಚಾರ್ರ ಹೆಸರು ತೆಗದು ಬ್ಯಾರೆಯಾವ್ರನ್ನ ಹಾಕಬೇಕಂತ ಕುಂತೆ. ಸಿಸ್ಟಮ್ಮು ಒಪ್ಪಲಿಲ್ಲ. ಹೊಸಬರನ್ನ ಹಾಕಬೇಕಂದ್ರ ಎರಡನೇ ಅಡ್ಮಿನ್ ಓಕೆ ಅನ್ನಬೇಕು, ಎರಡನೇ ಅಡ್ಮಿನ್ ಆಚಾರ್ರು. ಆಚಾರ್ರನ್ನ ತೆಗೀಬೇಕಂದ್ರ ಆಚಾರ್ರ ಓಕೆ ಅನ್ನಬೇಕು. ಉಳದವ್ರು ಕೂಡಿಕೊಂಡು ಒಬ್ಬನ್ನ ಹೊರಗ ಹಾಕಬಾರದು ಅಂತ ಆ ರೂಲ್ಸು ಇಟ್ಟಾರಂತ.

ಸಾಫ್ಟ್‌ವೇರ್ ಮಾಡಿದವ್ರಿಗೆ ಫೋನ್ ಹಚ್ಚಿದೆ. ಆ ಕಡಿ ಒಬ್ಬ ಹೆಣ್ಮಗಳು, ಭಾಳ ಮರ್ಯಾದಿಯಾಕಿ.

"ಸಂಬಂಧಪಟ್ಟ ಅಡ್ಮಿನ್ ಲಾಗಿನ್ ಆಗಿ ಒಪ್ಪಿಗೆ ಕೊಡಬೇಕು ಸಾರ್."

"ಅವರು ತೀರಿಕೊಂಡಾರಮ್ಮ."

"ತುಂಬಾ ಬೇಜಾರಾಯ್ತು ಸಾರ್." ಸ್ವಲ್ಪ ಹೊತ್ತು ಕೀಬೋರ್ಡ್ ಸಪ್ಪಳ ಕೇಳಿಸ್ತು. "ಹಾಗಾದ್ರೆ ಅವರ ರಿಜಿಸ್ಟರ್ಡ್ ಮೇಲ್‌ನಿಂದ ಒಂದು ಪತ್ರ ಹಾಕಿಸಿ ಸಾರ್, ನಾನು ಇನ್ನು ಮುಂದೆ ಲಭ್ಯ ಇರೋದಿಲ್ಲ ಅಂತ."

ಪ್ರಯತ್ನ ಮಾಡತೀನಿ ಅಂತ ಹೇಳಿ ಫೋನ್ ಇಟ್ಟೆ.

೫. ಪಂಚಾಂಗ

ಹದಿಮೂರನೇ ದಿನದ ವೈಕುಂಠ ಸಮಾರಾಧನಿ ಮುಗದ ಮರುದಿನ ಆಚಾರ್ರ ಮನಿಗೆ ಹೋದೆ. ಅವರ ಮನಿಯಾವ್ರಿಗೆ ನಾನು ವೈನಿ ಅಂತೀನಿ. ಮಕ್ಕಳಿಲ್ಲ. ಆಫೀಸಿನ ಹಿಂದಿನ ಗಲ್ಲ್ಯಾಗ ಎರಡು ಖೋಲಿ ಬಾಡಿಗಿ ಮನಿ. ಟೋಕನ್ ಆಚಾರ್ರ ಚಷ್ಮಾದ ಡಬ್ಬ್ಯಾಗ ಇತ್ತು.

"ಇದೇನ್ರಿ? ನಾ ಒತ್ತಿದ್ರ ಪ್ರತಿ ಸಲ ಬ್ಯಾರೇನ ಹೇಳ್ತದ" ಅಂದ್ರು ವೈನಿ. "ಅವರಂಗ ಅದ."

ಟೋಕನ್ ಸಿಕ್ತು, ಪಾಸ್‌ವರ್ಡ್ ಬೇಕಿತ್ತು. ಆಚಾರ್ರ ಟೇಬಲ್ಲೆಲ್ಲ ಹುಡುಕಿದೆ, ಇಲ್ಲ. ನಾಕು ದಿನದ ಮ್ಯಾಲೆ ನನ್ನ ಪೆನ್ನು ಕೆಳಗ ಬಿತ್ತು. ಬಗ್ಗಿದೆ. ನನ್ನ ಟೇಬಲ್ಲಿನ ಅಡ್ಯಾಗ ಒಂದು ಚೀಟಿ ಅಂಟಿಸಿತ್ತು, ಆಚಾರ್ರ ಅಕ್ಷರ. ಅವರ ಟೇಬಲ್ಲಿನ್ಯಾಗ ಕಳ್ಳ ಹುಡುಕತಾನ, ನನ್ನ ಟೇಬಲ್ಲಿನ್ಯಾಗ ಯಾರು ಹುಡುಕತಾರ ಅಂತ ವಿಚಾರ ಮಾಡ್ಯಾರ.

ಟೋಕನ್ನನ್ನ ನಾನು ಆಫೀಸಿಗೆ ತರಬಹುದಿತ್ತು. ಕೇಳಿದ್ದೂ ಕೇಳಿದೆ. ವೈನಿ ಅದನ್ನ ಚಷ್ಮಾದ ಡಬ್ಬ್ಯಾಗ ವಾಪಸ್ ಇಟ್ಟು, ಡಬ್ಬಿ ಮುಚ್ಚಿ, "ನಂಬರ್ ಬೇಕಾದಾಗ ಫೋನ್ ಮಾಡ್ರಲಾ" ಅಂದ್ರು. ನಾನು ಜಾಸ್ತಿ ಒತ್ತಾಯ ಮಾಡಲಿಲ್ಲ.

ಆಚಾರ್ರ ಹೆಸರು ತೆಗಿಯೋದು ನಾಳಿ ಮಾಡಿದ್ರಾತು ಅಂತ ಬಿಟ್ಟೆ. ಹಿಂಗಾಗಿ ಒಂದು ವರ್ಷ ನಡೀತು. ನಾನು ನನ್ನ ಕುರ್ಚ್ಯಾಗ ಕುಂತು ರಿಕ್ವೆಸ್ಟ್ ಕಳಸ್ತಿದ್ದೆ. ಎದ್ದು, ಟೇಬಲ್ ಸುತ್ತಿ, ಆಚಾರ್ರ ಕುರ್ಚ್ಯಾಗ ಕೂಡತಿದ್ದೆ. ವೈನಿಗೆ ಫೋನ್ ಮಾಡಿ, ಅವರು ಹೇಳಿದ ಆರು ಅಂಕಿ ಹೊಡದು, ಓಕೆ ಅಂತಿದ್ದೆ. ಎದ್ದು ಮತ್ತ ನನ್ನ ಕುರ್ಚಿಗೆ. ಒಂದೆರಡು ಸಲ ನನ್ನ ರಿಕ್ವೆಸ್ಟ್ ನಾನ ತಿರಸ್ಕಾರ ಮಾಡೀನಿ. ಆಚಾರ್ರು ಇದ್ದಿದ್ರ ಮಾಡತಿದ್ರು ಅನ್ನಿಸ್ತು.

ಒಂದ ತೊಂದ್ರಿ ಅಂದ್ರ ಮಡಿ. ವೈನಿ ಮುಂಜಾನಿ ಎದ್ದು, ನೀರು ಹಾಕ್ಕೊಂಡು, ಮಡಿ ಉಟ್ಟು, ಅಡಿಗಿ ಮಾಡಿ, ನೈವೇದ್ಯ ಮುಗಿಯೋತನಕ ಫೋನೂ ಮುಟ್ಟಂಗಿಲ್ಲ, ಟೋಕನ್ನೂ ಮುಟ್ಟಂಗಿಲ್ಲ. ಅದು ಮುಗಿಯೋದು ಹನ್ನೊಂದಕ್ಕ. ಏಕಾದಶಿ ದಿನ ಅಡಿಗಿ ಇಲ್ಲ, ಒಂಬತ್ತಕ್ಕ ಸಿಗತಿದ್ರು. ದ್ವಾದಶಿ ದಿನ ನಸುಕಿನ್ಯಾಗ ಪಾರಣಿ, ಏಳಕ್ಕ ತಯಾರು. ಶ್ರಾದ್ಧದ ದಿನ ಸಂಜಿ ನಾಕರ ತನಕ ಕಂಪನಿ ಬಂದ್. ನಾನು ಗ್ವಾಡಿಗೆ ಪಂಚಾಂಗ ನೇತು ಹಾಕಿದೆ. ಸಿರುಗುಪ್ಪದ ಸೂಪರ್‌ವೈಜರ್ರು ಒಮ್ಮೆ ಅರ್ಜೆಂಟ್ ಪರ್ಮಿಷನ್ ಕೇಳಿದ್ರು.

"ನಾಡದ ಮಾಡೋಣ್ರಿ, ದ್ವಾದಶಿ" ಅಂದೆ.

"ಒಳ್ಳೇ ದಿನ ನೋಡಿ ಮಾಡತೀರೇನ್ ಸಾರೂ? ಅದಕ್ಕ ನೋಡ್ರಿ ನಮ್ಮವು ಒಂದೂ ಫೇಲ್ ಆಗಿಲ್ಲ."

೬. ಕೈ ಕುಲುಕಬೇಕು

ಹೊರಗಿನಿಂದ ಒಬ್ಬರು ಆಡಿಟರ್ ಬಂದ್ರು. ಯಾರ್‍ಯಾರು ಯಾವಾಗ ಒಳಗ ಬಂದ್ರು, ಯಾರು ಯಾವಾಗ ಓಕೆ ಅಂದ್ರು ಅಂತ ಪೂರಾ ಲಾಗ್ ತೆಗಿಸಿ ನೋಡಿದ್ರು. ಸಾವ್ಕಾರ್ರ ಚೇಂಬರಿನ್ಯಾಗ ಮೀಟಿಂಗು. ನಾನು ಬಾಗಲದ ಕಡಿ ಕುಂತಿದ್ದೆ.

"ನಿಮ್ಮ ಕಂಪನಿಯೊಳಗ ಬೈಯಾಕ ಭಾಳ ಐತಿ" ಅಂದ್ರು ಆಡಿಟರ್. "ಆದ್ರ ಒಬ್ಬರನ್ನ ಹೊಗಳಬೇಕು. ನಿಮ್ಮ ಎರಡನೇ ಅಡ್ಮಿನ್. ಎರಡು ವರ್ಷದ ಹಿಂದ ಒಂದು ರಿಕ್ವೆಸ್ಟಿಗೆ ಮೂರು ದಿನ ತಗೊಳ್ಳೋರು. ಹೋದ ವರ್ಷದಿಂದ ಒಂದ ನಿಮಿಷ. ಇಂಥ ಸುಧಾರಣಿ ನಾನು ನೋಡಿಲ್ಲ. ಏನು ಟ್ರೇನಿಂಗ್ ಕೊಟ್ರಿ?"

ಸಾವ್ಕಾರ್ರು ನನ್ನ ಮಾರಿ ನೋಡಿದ್ರು. ಅವರು ಆಚಾರ್ರ ಹೆಣಕ್ಕ ಹಾರ ಹಾಕಿದಾವ್ರು.

"ಅವರ ಪರಿಸ್ಥಿತಿ ಸ್ವಲ್ಪ ಬದಲಾತ್ರಿ" ಅಂದೆ.

"ಶಿಫ್ಟ್ ಒಂದು ತಿಳೀಲಿಲ್ಲ. ಹನ್ನೊಂದರ ಒಳಗ ಏನೂ ಮಾಡಂಗಿಲ್ಲ. ಆದ್ರ ಹದಿನೈದು ದಿನಕ್ಕೊಮ್ಮೆ ಮುಂಜಾನಿ ಏಳಕ್ಕ ಹಾಜರ್."

"ಅವರು ಶಿಸ್ತಿನ ಮನಷ್ಯಾರಿ."

"ಕರೀರಿ ಅವರನ್ನ. ಕೈ ಕುಲುಕಬೇಕು."

ಸಾವ್ಕಾರ್ರು ಮ್ಯಾಲೆ ನೋಡಿದ್ರು. ಫ್ಯಾನ್ ತಿರುಗತಿತ್ತು. ಕಡೀಕ ಬಾಗಲದ ಹೊರಗ ಕುರ್ಚಿ ಹಾಕ್ಕೊಂಡಿದ್ದ ಸಾವ್ಕಾರ್ರ ತಂದಿ ಒಳಗ ಇಣುಕಿ, "ಬ್ಯಾಡ್ರಿ ಸಾಹೇಬ್ರ, ಅದಕ್ಕ ನೀವು ಅಲ್ಲಿಗೆ ಹೋಗಬೇಕಾಗತೈತಿ" ಅಂದ್ರು. ನೋಡೋ ಅಡ್ಮಿನ್ನು, ಎಲ್ಲಾ ಕಾಣತಿತ್ತು ಅವರಿಗೆ.

೭. ಮೂರು ಛಾನ್ಸು

ಸಾವ್ಕಾರ್ರು ಬೈಲಿಲ್ಲ. ಬೈದಿದ್ರ ಛಲೋ ಇತ್ತು. "ಕುರುಗೋಡಿನ ಮೇಡಂನ ಅಡ್ಮಿನ್ ಮಾಡ್ರಿ. ಆಚಾರ್ರ ಹೆಸರು ತೆಗೀರಿ. ಹನ್ನೆರಡು ದಿನಕ್ಕ ಆಡಿಟರ್ ವಾಪಸ್ ಬರತಾರ, ಮುಂಜಾನಿ ಹತ್ತಕ್ಕ. ಅಷ್ಟರೊಳಗ ಆಗಿರಬೇಕು. ಇಲ್ಲಾಂದ್ರ ಅಡ್ಮಿನ್ ಕೆಲಸ ಹೊರಗಿನವ್ರಿಗೆ ಕೊಟ್ಟು, ನಿಮ್ಮನ್ನ ಸಿರುಗುಪ್ಪದಾಗ ಚೀಲ ಎಣಸಾಕ ಹಾಕತೀನಿ" ಅಂದ್ರು.

ಮೇಡಂನ ಹಾಕೋದು ಆವತ್ತ ಆತು. ವೈನಿ ಒಂದ ಸಲಕ್ಕ ನಂಬರ್ ಹೇಳಿದ್ರು. ಆಮ್ಯಾಗ ಎರಡನೇ ಮಾತು ತೆಗದೆ.

"ವೈನಿ, ಇನ್ನೊಂದು ನಂಬರ್ ಬೇಕ್ರಿ. ಇದು ಆಚಾರ್ರ ಹೆಸರು ತೆಗಿಯಾಕ."

ಆ ಕಡಿ ಡಬ್ಬಿ ಮುಚ್ಚಿದ ಸಪ್ಪಳ ಬಂತು.

"ಅವರನ್ನ ತೆಗೀಲಿಕ್ಕೆ ಅವರನ್ನ ಕೇಳಬೇಕೇನು?"

"ಹೌದ್ರಿ. ಸಿಸ್ಟಮ್ ಹಂಗ ಐತಿ."

"ಮನ್ಯಾಗ ಮುರದ ಛತ್ರಿ ಬಿಸಾಡ್ಲಿಕ್ಕೇ ಒಪ್ತಿದ್ದಿಲ್ಲ ಆ ಮನಷ್ಯಾ. ನೋಡೋಣ ತಡೀರಿ."

ನಂಬರ್ ಹೇಳಿದ್ರು. ತಪ್ಪು. ಮತ್ತೊಂದು. ತಪ್ಪು. ಮೂರನೇದೂ ತಪ್ಪು. ಮೂರು ತಪ್ಪಾದ್ರ ಸಿಸ್ಟಮ್ಮು ಮರುದಿನದ ತನಕ ಬಾಗಲಾ ಹಾಕತೈತಿ. "ಚಷ್ಮಾ ಇರ್ಲಿಲ್ಲ ನೋಡ್ರಿ" ಅಂದ್ರು ವೈನಿ. "ನಾಳಿ ಮಾಡ್ರಿ."

ಮರುದಿನ ಚಷ್ಮಾ ಇತ್ತು. ಟೋಕನ್ ತಲಿಕೆಳಗ ಹಿಡದಿದ್ರು. ಅದರ ಮರುದಿನ, ನಿನ್ನಿ ನಂಬರ್ ಹಾಳಾಗಬಾರದು ಅಂತ ಕ್ಯಾಲೆಂಡರ್ ಮ್ಯಾಲೆ ಬರದಿಟ್ಟು, ಅದನ್ನ ಓದಿ ಹೇಳಿದ್ರು. ಒಂದು ವರ್ಷ ಒಂದು ಸಲಾನೂ ತಪ್ಪದ ಹೆಣ್ಮಗಳು ದಿನಾ ಮೂರು ಸಲ ತಪ್ಪಾಕತ್ತಿದ್ರು. ನಡುನಡುವ ಮಾತಾಗತಿತ್ತು. "ಖಾನಾವಳ್ಯಾಗ ಇವತ್ತೇನು ಪಲ್ಯ?" ಅಂತ ಕೇಳತಿದ್ರು. "ಬದನಿಕಾಯಿ" ಅಂತಿದ್ದೆ. "ನಿನ್ನೀನೂ ಅದ ಇತ್ತಲ್ರಿ?" "ಇದು ನಿನ್ನೀದ ಇರಬೇಕ್ರಿ ವೈನಿ." ಭಜನಾ ಮಂಡಳ್ಯಾಗ ಯಾರು ಯಾರ ಜೋಡಿ ಮಾತು ಬಿಟ್ಟಾರ ಅನ್ನೋದು ನನಗ ಪೂರಾ ಗೊತ್ತಾತು. ಮೂವತ್ತು ಸೆಕೆಂಡಿನ ಕೆಲಸಕ್ಕ ಅರ್ಧ ತಾಸು ಹೋಗತಿತ್ತು. ಹನ್ನೊಂದು ಯಾವಾಗ ಆಗತೈತಿ ಅಂತ ನಾನು ಹತ್ತರಿಂದ ಗಡಿಯಾರ ನೋಡಿಕೋತ ಕೂಡತಿದ್ದೆ.

ಎಂಟನೇ ದಿನ ಕುರುಗೋಡಿಂದ ಮೇಡಂ ಫೋನ್ ಬಂತು. ಹೊಸ ಅಡ್ಮಿನ್ನು, ಹುರುಪು ಭಾಳ.

"ಸಾರ್, ಲಾಗ್ ನೋಡಾಕತ್ತೀನಿ. ಆಚಾರ್ ಸಾರ್ ಹೆಸರಿಲೇ ದಿನಾ ಮೂರು ತಪ್ಪು ನಂಬರ್ ಬೀಳಾಕತ್ತಾವು. ಯಾರರ ಕಳ್ರು ಒಳಗ ಬರಾಕ ನೋಡಾಕತ್ತಾರೇನ್ರಿ?"

"ಇಲ್ಲಮ್ಮ. ಮನಿ ಮಂದಿನ. ಹೊರಗ ಹೋಗಾಕ ಮನಸಾಗವಲ್ದು."

ಮೇಡಂ "ಹಂಗಾದ್ರ ನಾನು ನೋಡಿಲ್ಲ ಬಿಡ್ರಿ" ಅಂದ್ರು. ಆವಾಗ ನನಗ ಅನ್ನಿಸ್ತು, ಈಕಿಗೆ ಅಡ್ಮಿನ್ ಪರ್ಮಿಷನ್ ಕೊಟ್ಟಿದ್ದು ಸರಿ ಆತು.

ಹನ್ನೊಂದನೇ ದಿನ. ಮರುದಿನ ಹತ್ತಕ್ಕ ಆಡಿಟರ್. ಫೋನಿನ ಕೆಲಸ ಅಲ್ಲ ಇದು ಅಂತ ಲ್ಯಾಪ್‌ಟಾಪ್ ತಗೊಂಡು ವೈನಿ ಮನಿಗೆ ಹೋದೆ. ಏಕಾದಶಿ ಇತ್ತು. "ಇವತ್ತು ನೀರು ಬಿಟ್ರ ಏನೂ ಕೊಡ್ಲಿಕ್ಕೆ ಬರೂದಿಲ್ರಿ" ಅಂತ ನೀರು ಕೊಟ್ರು. ಚಾಪಿ ಮ್ಯಾಲೆ ಕುಂತ್ವಿ. ವೈನಿ ಡಬ್ಬಿ ತೆಗದು ಟೋಕನ್ ಒತ್ತಿದ್ರು. ನನಗ ಅಂಕಿ ಕಾಣತಿತ್ತು. ಐದು ಅಂಕಿ ಸರಿ ಹೇಳಿದ್ರು, ಕಡೀದೊಂದು ಬ್ಯಾರೆ ಹೇಳಿದ್ರು. ನಾನು ಅವರು ಹೇಳಿದ್ದ ಹೊಡದೆ. ತಪ್ಪು ಬಂತು. ಮತ್ತೊಂದು ಸಲ. ಹಂಗ ಆತು. ಇಬ್ಬರೂ ಲ್ಯಾಪ್‌ಟಾಪ್ ನೋಡಿಕೋತ ಕುಂತ್ವಿ, ಮಷೀನಿನ ತಪ್ಪು ಅನ್ನೋವ್ರಂಗ.

"ಇದು ಆಗದಿದ್ರ ನಿಮ್ಮನ್ನ ಸಿರುಗುಪ್ಪಕ್ಕ ಹಾಕ್ತಾರಂತ, ಖರೇ ಏನು?"

"ಯಾರು ಹೇಳಿದ್ರು?"

"ಕುರುಗೋಡಿನ ಹೆಣ್ಮಗಳು ಫೋನ್ ಮಾಡಿದ್ಲು."

ವೈನಿ ಚಷ್ಮಾ ತಲಿಮ್ಯಾಲೆ ಏರಿಸಿ, ಸೆರಗಿನಿಂದ ಕಣ್ಣು ಒರಸಿಕೊಂಡ್ರು. ಗುಂಡಿ ಒತ್ತಿದ್ರು. ಚಷ್ಮಾ ಇಲ್ಲದ, ಟೋಕನ್ ಕೈಯುದ್ದ ದೂರ ಹಿಡದು, ಆರೂ ಅಂಕಿ ಸಾವಕಾಶ ಹೇಳಿದ್ರು. ಆರೂ ಸರಿ. ಕಡೀದು ಮೂರು. ನಾನು ಐದು ಅಂಕಿ ಹೊಡದೆ. ಆರನೇದಕ್ಕ ಬೆರಳು ಮೂರರ ಮ್ಯಾಲೆ ಹೋತು, ಅಲ್ಲಿಂದ ಎದ್ದು ಎಂಟರ ಮ್ಯಾಲೆ ಕುಂತಿತು.

"ಆತೇನ್ರಿ?"

"ಇಲ್ರಿ ವೈನಿ. ಆಚಾರ್ರು ಒಪ್ಪವಲ್ಲರು."

"ನನಗ ಗೊತ್ತಿತ್ತು" ಅಂದ್ರು ವೈನಿ. "ನಾಳಿ ದ್ವಾದಶಿ. ಏಳಕ್ಕ ಊಟಕ್ಕ ಬರ್ರಿ. ಊಟ ಆದ ಮ್ಯಾಲೆ ಕೇಳಿದ್ರ ಅವರು ಯಾವದಕ್ಕೂ ಇಲ್ಲ ಅಂತಿದ್ದಿಲ್ಲ."

ಹೋದೆ. ಹೆಸರುಬೇಳಿ ತೊವ್ವಿ, ಅಗಸಿ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ತಂಬುಳಿ. ಎಂಟು ತಿಂಗಳಾಗಿತ್ತು ನಾನು ಯಾರದರ ಮನ್ಯಾಗ ಕುಂತು ಬಡಿಸಿಕೊಂಡು ಉಂಡು. ಊಟ ಆದ ಮ್ಯಾಲೆ ವೈನಿ ನಂಬರ್ ಸರಿ ಹೇಳಿದ್ರು, ನಾನೂ ಸರಿ ಹೊಡದೆ. ಸಿಸ್ಟಮ್ಮು ಕಾರಣ ಕೇಳ್ತು. ರಾಜೀನಾಮೆ, ನಿವೃತ್ತಿ, ವರ್ಗಾವಣೆ, ದೀರ್ಘ ರಜೆ. ಸಾವು ಅನ್ನೋದು ಪಟ್ಟ್ಯಾಗ ಇದ್ದಿಲ್ಲ.

"ವರ್ಗಾವಣೆ ಅಂತ ಒತ್ರಿ" ಅಂದ್ರು ವೈನಿ. "ಎಲ್ಲಿಗೆ ಅಂತ ಕೇಳ್ತದೇನು?"

"ಕೇಳಂಗಿಲ್ರಿ."

"ಹಂಗಾರ ಛಲೋ ಆತು. ನಾನೂ ಕೇಳೂದಿಲ್ಲ."

ಹತ್ತಕ್ಕ ಆಡಿಟರ್ ಬಂದು ನೋಡಿ ಸೈ ಅಂದ್ರು. ನನ್ನ ಕುರ್ಚಿ ಉಳೀತು. ಎದುರಿನ ಕುರ್ಚಿ ತೆಗದು ಸಾವ್ಕಾರ್ರ ತಂದಿಗೆ ಕೊಟ್ರು, ಅವರದು ಕಾಲು ಮುರದಿತ್ತು. ಟೋಕನ್ ವಾಪಸ್ ಬಂತೇನು ಅಂತ ಫಾರಂನ್ಯಾಗ ಕೇಳಿದ್ರು. "ನೀರಾಗ ಬಿದ್ದು ಹಾಳಾಗೈತಿ" ಅಂತ ಬರದೆ. ಅದು ಇನ್ನ ಯಾವ ಬಾಗಲಾನೂ ತೆಗಿಯಂಗಿಲ್ಲ, ಯಾರ ಹತ್ರ ಇದ್ರೇನು. ಎದುರಿಗೆ ನಾಲ್ಕು ಅಡಿ ಇದ್ದದ್ದು ಈಗ ಗ್ವಾಡಿತನ ಹನ್ನೊಂದು ಅಡಿ ಆಗೈತಿ. ಮೇಡಂ ನನ್ನ ರಿಕ್ವೆಸ್ಟಿಗೆ ಕುರುಗೋಡಿಂದ ಹತ್ತು ಸೆಕೆಂಡಿನ್ಯಾಗ ಓಕೆ ಅಂತಾರ. ದಿನದ ಕೆಲಸ ಹನ್ನೊಂದರ ಒಳಗ ಮುಗೀತೈತಿ. ಆಮ್ಯಾಗ ನಾನು ಪಂಚಾಂಗ ನೋಡಿಕೋತ ಕೂಡತೀನಿ.

ನಾಲ್ಕನೇ ದಿನ, ಹನ್ನೊಂದು ಹೊಡದು ಐದು ನಿಮಿಷಕ್ಕ ಫೋನ್ ಹೊಡಕೊಂತು. ಯಾವನೋ ಲಾಕ್ ಆಗ್ಯಾನ ಅಂತ ಎತ್ತಿದೆ.

"ನಂಬರ್ ಬಂದದ. ಬರಕೋರಿ" ಅಂದ್ರು ವೈನಿ.

"ವೈನಿ, ಅದು ಇನ್ನ ನಡಿಯಂಗಿಲ್ರಿ. ಆಚಾರ್ರ ಹೆಸರು ತೆಗದೀವಲ್ಲ."

"ನಡೀದಿದ್ರ ನಡೀವಲ್ದು. ಬರಕೋರಿ ಅಂದೆ."

ಪೆನ್ನು ತಗೊಂಡೆ. ಒಂದೊಂದ ಹೇಳಿದ್ರು, ಒಂದೊಂದ ಬರಕೊಂಡೆ. ಕಡೀದು ಮೂರು.

"ಮೂರ ಬರದೀರಿಲ್ಲೋ? ಎಂಟಲ್ಲ?"

ನಾನು ಪೆನ್ನು ಕೆಳಗ ಇಟ್ಟೆ. "ವೈನಿ, ಆವತ್ತು ನಿಮಗ ಚಷ್ಮಾ ಇದ್ದಿಲ್ಲಲ್ರಿ?"

"ದೂರಿಂದು ನನಗ ಛಲೋನ ಕಾಣ್ತದ್ರಿ" ಅಂದ್ರು ವೈನಿ. "ಚಷ್ಮಾ ಬೇಕಾಗೂದು ಹತ್ರದ್ದು ಓದ್ಲಿಕ್ಕೆ. ಇರ್ಲಿ, ಇವತ್ತೇನು ಪಲ್ಯ?"